ಗಂಟೆಗೆ ಇನ್ನೂ ಹತ್ತು ನಿಮಿಷ

ಕೋಟಿನ ಎಡತೋಳಿನಲ್ಲಿ ಒಂದು ಸುಕ್ಕು ಉಳಿದುಬಿಟ್ಟಿತ್ತು. ಎರಡು ಸಲ ಇಸ್ತ್ರಿ ಉಜ್ಜಿದರೂ ಹೋಗದ ಆ ಸುಕ್ಕನ್ನು ಕನ್ನಡಿಯಲ್ಲಿ ನೋಡುತ್ತ ಮೇಷ್ಟ್ರು, ಇವತ್ತು ವಿಚಾರಣಾ ಆಯೋಗದ ಮುಂದೆ ಸಾಕ್ಷಿ ಹೇಳುವಾಗ ಎಲ್ಲರ ಕಣ್ಣೂ ಇದರ ಮೇಲೇ ಬೀಳುತ್ತದೆ ಎಂದುಕೊಂಡರು. ಎಂಟು ವರ್ಷದ ಹಿಂದೆ, ಕಾಲೇಜಿನಿಂದ ನಿವೃತ್ತರಾದ ದಿನ ತೊಟ್ಟ ಕೋಟು. ಅವತ್ತು ಭುಜಕ್ಕೆ ಸರಿಯಾಗಿ ಕೂತಿದ್ದದ್ದು ಈಗ ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ಎದೆ ಮುಂದೆ ಮಾಡಿ ನಿಂತರೆ ಪರವಾಗಿಲ್ಲ. ಹಾಗೆ ನಿಲ್ಲುವುದು ಅವರಿಗೆ ಹೊಸದೇನೂ ಅಲ್ಲ. ಮೂವತ್ತೈದು ವರ್ಷ ಹಾಗೆ ನಿಂತೇ ರಾಜ್ಯಶಾಸ್ತ್ರ ಕಲಿಸಿದವರು. ಗದ್ದ ಎತ್ತಿ, ಎರಡು ವಾರದಿಂದ ಉರುಹೊಡೆದಿದ್ದನ್ನು ಇನ್ನೊಮ್ಮೆ ಹೇಳಿಕೊಂಡರು: 'ಅಲ್ಲಿ ಇದ್ದದ್ದು ಅಲ್ಪವಿರಾಮ, ಸ್ವಾಮಿ. ಅಷ್ಟರಲ್ಲಿ ಗಂಟೆ ಹೊಡೆಯಿತು. ವಾಕ್ಯ ಅರ್ಧಕ್ಕೇ ನಿಂತಿತು.' ಚೆನ್ನಾಗಿತ್ತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ಕನ್ನಡಿಗೂ ಪಾಠ ಶುರುವಾಯ್ತಾ?" ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಹೆಂಡತಿ ಕೇಳಿದಳು. "ಪಾಪ, ಅದು ಎದ್ದು ಹೋಗೋ ಹಾಗೂ ಇಲ್ಲ."

"ಹೇಗಿದೆ ಹೇಳು."

"ಕೋಟಾ, ಮಾತಾ?"

"ಮಾತು."

"ನಿಮ್ಮ ಮಾತಿಗೆ ಯಾವತ್ರೀ ಸುಕ್ಕು ಬಿದ್ದಿದೆ?" ಲೋಟ ಕೈಗಿಟ್ಟು, ಆ ಸುಕ್ಕನ್ನು ಬೆರಳಿನಿಂದ ಎಳೆದು ನೋಡಿ, ಬಿಟ್ಟಳು. "ನಿಮ್ಮ ಮಗಳು ಡ್ಯೂಟಿಗೆ ಹೋಗೋ ಮುಂಚೆ ನಿಮ್ಮ ಚೀಲದಲ್ಲಿ ಏನೋ ಇಟ್ಟು ಹೋದ್ಳು."

"ಏನಂತೆ?"

"ನಾನು ಕೇಳ್ಲಿಲ್ಲ, ಅವಳು ಹೇಳ್ಲಿಲ್ಲ. ಈ ಮನೇಲಿ ಕೇಳೋದು ಹೇಳೋದು ಬಂದ್ ಆಗಿ ನಾಲ್ಕು ತಿಂಗಳಾಯ್ತಲ್ಲ."

ಮೇಷ್ಟ್ರು ಚೀಲ ತೆರೆದು ನೋಡಲಿಲ್ಲ. ಬಿ.ಪಿ. ಮಾತ್ರೆ ಇಟ್ಟಿರುತ್ತಾಳೆ, ನರ್ಸ್ ಅಲ್ಲವೇ. ಮಾತಾಡದೆ ಮಾತ್ರೆ ಕೊಡುವುದು ಅವಳ ಕ್ರಮ. ಮೇಜಿನ ಮೇಲೆ ಇಡುವುದು, ಪಕ್ಕದಲ್ಲಿ ನೀರು, ಆಮೇಲೆ ಅಮ್ಮನಿಗೆ ಕೇಳಿಸುವ ಹಾಗೆ, "ಅಮ್ಮ, ಅಪ್ಪಂಗೆ ಹೇಳು." ಎರಡೇ ಮಾರು ದೂರದಲ್ಲಿ ಕೂತಿದ್ದ ಅಪ್ಪನಿಗೆ ಅಮ್ಮ ಮತ್ತೆ ಹೇಳುವುದು. ತಪ್ಪು ಯಾರದು ಎಂದು ಅವರು ಕೇಳಿಕೊಂಡಿದ್ದಿಲ್ಲ, ಗೊತ್ತಿತ್ತು. ನಾಲ್ಕು ತಿಂಗಳ ಹಿಂದಿನ ಆ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ಮೊದಲ ಪುಟದಲ್ಲೇ ಒಂದು ಕೈಬರಹದ ಫೋಟೋ ಇತ್ತು. ಸರ್ಕಾರಿ ಕಡತದ ಒಂದು ಹಾಳೆ, ಕೆಳಗೆ ಅಧಿಕಾರಿಯ ಸಹಿ, ಮೇಲೆ ದುಂಡಗಿನ ಅಕ್ಷರದಲ್ಲಿ: 'ಮೊದಲು ವ್ಯವಸ್ಥೆ, ಮಿಕ್ಕಿದ್ದು ಆಮೇಲೆ.' ಅವರಿಗೆ ಮೈ ಜುಮ್ಮೆಂದಿತು. ಅದು ಅವರ ವಾಕ್ಯ. ಅವರೇ ಕಟ್ಟಿ, ಅವರೇ ವರ್ಷ ವರ್ಷವೂ ತಂಡ ತಂಡಕ್ಕೆ ಬರೆಸಿದ ವಾಕ್ಯ. ಅಕ್ಷರವೂ ಗೊತ್ತಾಯಿತು: ತಮ್ಮ ತರಗತಿಯ ಮೊದಲ ಬೆಂಚಿನವನದು. "ನೋಡೇ, ನನ್ನ ವಾಕ್ಯ! ಮೊದಲ ಪುಟದಲ್ಲಿ!" ಎಂದು ಕೂಗಿದರು, ಎದ್ದು ನಿಂತೇ ಕೂಗಿದರು. ಹೆಂಡತಿ ಬರುವಷ್ಟರಲ್ಲಿ ಕಣ್ಣು ಕೆಳಗಿಳಿದು, ಆ ಹಾಳೆ ಗೋಲಿಬಾರಿನ ಆದೇಶ ಎಂಬುದನ್ನೂ ನೀರು ಸರಬರಾಜು ಕೇಂದ್ರದ ಬಳಿ ಹನ್ನೊಂದು ಜನ ಮುಷ್ಕರದವರು ಸತ್ತರು ಎಂಬುದನ್ನೂ ಓದಿತ್ತು. ತಲೆಯೆತ್ತಿದರೆ, ಎರಡು ಪಾಳಿ ಒಟ್ಟಿಗೆ ಮುಗಿಸಿ ಆಗಷ್ಟೇ ಆಸ್ಪತ್ರೆಯಿಂದ ಬಂದ ಮಗಳು ಚಪ್ಪಲಿ ಬಿಡುತ್ತ ನಿಂತಿದ್ದಳು. ಅವಳು ಜಗಳವಾಡಲಿಲ್ಲ. "ನೀರಿಲ್ಲದೆ ಮೂರು ದಿನ ನಾವೂ ಆ ಮುಷ್ಕರದವರನ್ನ ಬೈಕೊಂಡಿದ್ವಿ, ಅಪ್ಪ. ಆದ್ರೆ ಹನ್ನೊಂದರಲ್ಲಿ ಏಳು ಜನಕ್ಕೆ ಗುಂಡು ಬಿದ್ದಿರೋದು ಬೆನ್ನಲ್ಲಿ," ಎಂದಳು. ಅಷ್ಟೇ. ಒಳಗೆ ಹೋಗಿ ಸ್ನಾನಕ್ಕೆ ಬಕೆಟ್ ಇಟ್ಟ ಸದ್ದು ಕೇಳಿಸಿತು.

ಆಯೋಗದ ಕಟ್ಟಡದವರೆಗೆ ನಡೆದೇ ಹೋದರು. ದಾರಿಯುದ್ದಕ್ಕೂ ಅಂಗಡಿಗಳು ತೆರೆದಿದ್ದವು, ಕೈಗಾಡಿಯವನೊಬ್ಬ ರಸ್ತೆ ನಡುವೆ ನಿಂತು ಬಸ್ಸಿನ ಡ್ರೈವರನಿಗೆ ಬೈಯುತ್ತಿದ್ದ, ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಬಡ್ಡಿ ಸಮೇತ ತಿರುಗಿಸಿ ಬೈದ, ಪೊಲೀಸನೊಬ್ಬ ಸೀಟಿ ಊದಿದ, ಇಬ್ಬರೂ ಸುಮ್ಮನಾದರು. ನೋಡಿ, ಇದೇ, ಎಂದು ಮೇಷ್ಟ್ರು ತಮ್ಮಷ್ಟಕ್ಕೇ ತಲೆದೂಗಿದರು. ಒಂದು ಸೀಟಿ. ಅದರ ಹಿಂದೆ ಒಂದು ಲಾಠಿ, ಲಾಠಿಯ ಹಿಂದೆ ಒಂದು ಬಂದೂಕು, ಇದ್ದರೆ ಸಾಕು, ಎತ್ತಬೇಕಾಗಿಲ್ಲ. ಮಕ್ಕಳಿಗೆ ಅವರು ಎಂದೂ ಬೆಣ್ಣೆ ಹಚ್ಚಿ ಪಾಠ ಮಾಡಲಿಲ್ಲ. ಮನುಷ್ಯ ಒಳ್ಳೆಯವನು, ರಾಜ್ಯ ನಮ್ಮ ತಾಯಿ, ಯುದ್ಧ ಯಾರೋ ಕೆಟ್ಟವರ ಕೆಲಸ ಎಂದೆಲ್ಲ ಬೇರೆ ಮೇಷ್ಟ್ರುಗಳು ಹೇಳಿಕೊಟ್ಟರು. ಇವರು ಹೇಳಿದ್ದು: ಮನುಷ್ಯನಿಗೆ ಪಕ್ಕದವನ ಭಯ. ಪಕ್ಕದವನಿಗೂ ಇವನ ಭಯ. ಇಬ್ಬರಿಗೂ ಭಯವಾಗುವಂಥ ಮೂರನೆಯವನೊಬ್ಬ ಇಲ್ಲದಿದ್ದರೆ ಇಬ್ಬರೂ ಉಳಿಯುವುದಿಲ್ಲ. ದೇಶ ದೇಶಗಳ ನಡುವೆ ಆ ಮೂರನೆಯವನಿಲ್ಲ, ಅದಕ್ಕೇ ಯುದ್ಧ. ಇದನ್ನು ಅವರು ಪುಸ್ತಕದಲ್ಲಿ ಓದಿದ್ದು ಆಮೇಲೆ. ಏಳು ವರ್ಷದವರಿದ್ದಾಗ ಗಡಿಯಲ್ಲಿ ಯುದ್ಧ ಸೋತ ಸುದ್ದಿ ಬಂದ ಮಧ್ಯಾಹ್ನ ಪೊಲೀಸರು ಠಾಣೆಗೆ ಬೀಗ ಹಾಕಿಕೊಂಡು ಹೋದರು, ಒಂಬತ್ತು ದಿನ ಊರಿಗೆ ಹೇಳುವವರು ಕೇಳುವವರು ಇರಲಿಲ್ಲ. ಅಪ್ಪ ಕಬ್ಬಿಣದ ಸಲಾಕೆ ಹಿಡಿದು ಬಾಗಿಲ ಹಿಂದೆ ಕೂತರು. ಕಿಟಕಿಯ ಸಂದಿಯಿಂದ ಇವರು ಕಂಡದ್ದು ದರ್ಜಿ ಮಾಮನನ್ನು. ಇವರ ಸ್ಕೂಲ್ ಅಂಗಿಗಳನ್ನೆಲ್ಲ ಹೊಲಿದವನು, ಎದುರು ಮನೆಯ ಬಾಗಿಲಿಗೆ ಸೀಮೆಎಣ್ಣೆ ಸುರಿಯುತ್ತಿದ್ದ, ನಿಧಾನವಾಗಿ, ಒಂದು ಹನಿಯೂ ತನ್ನ ಪ್ಯಾಂಟಿಗೆ ಬೀಳದ ಹಾಗೆ. ಹತ್ತನೆಯ ದಿನ ಸೈನ್ಯದ ಲಾರಿ ಬಂತು. ಬೂಟುಗಳ ಸದ್ದು ಕೇಳಿ ಅಮ್ಮ ಗೋಡೆಗೆ ಒರಗಿ ಅತ್ತಳು, ಖುಷಿಗೆ. ಎದುರು ಮನೆಯಲ್ಲಿ ಅಳಲು ಯಾರೂ ಉಳಿದಿರಲಿಲ್ಲ. ಮುಂದಿನ ವರ್ಷ ಅದೇ ದರ್ಜಿ ಮಾಮ ಅಳತೆಪಟ್ಟಿ ಹಿಡಿದು, "ತೋಳು ಎಷ್ಟುದ್ದ ಇಡ್ಲಿ ಪುಟ್ಟಾ?" ಎಂದು ಕೇಳಿದ. ಅವರು ಕೈ ಚಾಚಿ ನಿಂತರು. ಇನ್ನೇನು ಮಾಡಬೇಕಿತ್ತು?

ಕಾರಿಡಾರಿನಲ್ಲಿ ಜವಾನ ಸಾಕ್ಷಿಗಳ ಪಟ್ಟಿ ನೋಡಿ, "ಹದಿನೇಳಾ? ಆ ಬೆಂಚಲ್ಲಿ ಕೂತ್ಕೊಳ್ಳಿ ಯಜಮಾನ್ರೇ. ಮೊಬೈಲ್ ಆಫ್ ಮಾಡಿ," ಎಂದ. ತಾವು ಹದಿನೇಳಲ್ಲ, ಪ್ರಾಧ್ಯಾಪಕರು ಎಂದು ಹೇಳಬೇಕೆನಿಸಿತು. ಹೇಳಿದರು. "ಯಾರಾದ್ರೂ ಆಗ್ಲಿ, ಬೆಂಚು ಅದೇನೇ," ಎಂದು ಅವನು ಮುಂದೆ ಹೋದ. ಬೆಂಚಿಗೆ ಒಂದು ಕಾಲು ಗಿಡ್ಡ. ಅಲುಗಾಡದಂತೆ ಕೂರಲು ಬೆನ್ನು ಬಿಗಿಹಿಡಿಯಬೇಕಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲದಲ್ಲಿ ಗಂಡಸಿನ ಅಂಗಿಯೊಂದನ್ನು ಮಡಿಸಿಟ್ಟುಕೊಂಡು ಕೂತಿದ್ದಳು. ಅಂಗಿಯ ಬೆನ್ನಿನ ಭಾಗ ಮೇಲಕ್ಕಿತ್ತು. ಮೇಷ್ಟ್ರು ಗೋಡೆಯ ಗಡಿಯಾರದ ಕಡೆ ನೋಡಿದರು. ಆ ಹೆಂಗಸು ಯಾವ ಊರಿನವರು ನೀವು, ಯಾರನ್ನ ಕಳಕೊಂಡ್ರಿ ಎಂದು ಕೇಳಿದಳು, ಮೆಲ್ಲಗೆ, ಸಂಬಂಧಿಕರನ್ನು ಕೇಳುವ ಹಾಗೆ. "ಯಾರನ್ನೂ ಇಲ್ಲ," ಎಂದರು. "ನಾನು... ಪಾಠ ಹೇಳ್ತಿದ್ದೆ." ಅವಳಿಗೆ ಅರ್ಥವಾಗಲಿಲ್ಲ. ಆದರೂ, "ಒಳ್ಳೇದು ಬಿಡಿ," ಎಂದು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಆ ಜಾಗ ಅವರಿಗೆ ಬೇಕಾಗಿರಲಿಲ್ಲ, ಆದರೆ ತೆಗೆದುಕೊಂಡರು.

"ಸಾರ್!"

ಎದುರು ಕೋಣೆಯಿಂದ ಹೊರಬಂದವನು ಮೊದಲ ಬೆಂಚು. ಕಾಲೇಜಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಇಪ್ಪತ್ಮೂರು ವರ್ಷದ ಹಿಂದೆ ಅವರ ಮಗಳ ತರಗತಿಯವನು, ಒಂದು ದಿನವೂ ಬೇರೆ ಬೆಂಚಿನಲ್ಲಿ ಕೂತವನಲ್ಲ. ಕೆಲಸದಿಂದ ಅಮಾನತಾಗಿ ನಾಲ್ಕು ತಿಂಗಳಾಗಿದ್ದರೂ ಶರಟಿನ ಕಾಲರು ಗರಿಗರಿಯಾಗಿತ್ತು. ಅವನನ್ನು ನೋಡಿದ ಕೂಡಲೇ ಮೇಷ್ಟ್ರಿಗೆ ಮತ್ತದೇ ಹೆಮ್ಮೆ ಉಕ್ಕಿಬಂತು, ನಾಚಿಕೆಯಾಗುವಷ್ಟು. ಪಕ್ಕದಲ್ಲಿದ್ದ ಹೆಂಗಸಿಗೆ ಅವನು ಯಾರೆಂದು ಗೊತ್ತೋ ಇಲ್ಲವೋ. ಅವರೇ ಎದ್ದು ಕಾರಿಡಾರಿನ ತುದಿಯ ಕಿಟಕಿಯ ಹತ್ತಿರ ನಡೆದರು, ಅವನು ಹಿಂದೆಯೇ ಬಂದ.

"ಕೂತ್ಕೋ," ಎಂದರು, ಅಲ್ಲಿದ್ದ ಕುರ್ಚಿ ತೋರಿಸಿ.

"ನಿಮ್ಮ ಮುಂದೆ ಕೂತು ಅಭ್ಯಾಸ ಇದೆ ಸಾರ್, ಆದ್ರೆ ಪೆನ್ನು ಹಿಡ್ಕೊಂಡು," ಎಂದು ನಕ್ಕ. ನಗು ಬೇಗ ಮುಗಿಯಿತು. "ನಿಮ್ಮ ಹೆಸರು ನಾನು ಹೇಳಿಲ್ಲ ಸಾರ್. ಪೇಪರಿನವರು ಯಾರದೋ ಹಳೇ ನೋಟ್ಸ್ ಹುಡುಕಿ ತೆಗೆದಿದ್ದು."

"ಗೊತ್ತು."

"ಮೂರನೇ ದಿನ ಸಾರ್ ಅವತ್ತು. ಅರ್ಧ ಊರಿಗೆ ನೀರಿಲ್ಲ, ಆಸ್ಪತ್ರೆಗಿಲ್ಲ. ಗೇಟು ಮುರಿದ್ರು. ಒಳಗೆ ಕ್ಲೋರಿನ್ ಟ್ಯಾಂಕ್ ಇದೆ, ಒಡೆದ್ರೆ ವಿಷಗಾಳಿ. ಫೈಲ್ ಮುಂದೆ ಕೂತೆ, ಪೆನ್ನು ತೆಗೆದೆ, ಮುಚ್ಚಿದೆ. ಆಗ ನಿಮ್ಮ ಧ್ವನಿ ಕೇಳಿಸ್ತು. ನಿಜವಾಗ್ಲೂ ಸಾರ್. ಬರೆದೆ, ಸಹಿ ಹಾಕಿದೆ."

"ಗೇಟಲ್ಲಿ ಬಿದ್ದವರು ನಾಲ್ಕು ಜನ. ಮಿಕ್ಕ ಏಳು ಜನ ಓಡ್ತಿದ್ರು."

ಅವನು ಕಿಟಕಿಯ ಸರಳು ಹಿಡಿದುಕೊಂಡ. "ನಿಲ್ಸಿ ಅಂತ ನಾನು ಬರೀಲಿಲ್ಲ ಸಾರ್. ನಿಲ್ಸೋದು ಹೇಗೆ ಅಂತ... ಅದು ನೋಟ್ಸಲ್ಲಿ ಇರ್ಲಿಲ್ಲ." ಇದನ್ನು ಅವನು ಚುಚ್ಚಲು ಹೇಳಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಪ್ರಾಮಾಣಿಕ ವಿದ್ಯಾರ್ಥಿ ಹೇಳುವ ಹಾಗೆ ಹೇಳಿದ. ಆಮೇಲೆ ದನಿ ತಗ್ಗಿಸಿ, "ನೀವು ಗಂಟೆ ಹೊಡೀತು ಅಂತ ಹೇಳ್ತೀರಂತೆ. ಹಾಗೇ ಹೇಳಿ ಸಾರ್. ಕೇಳಿದ್ರೆ ನಾನೂ ಹೂಂ ಅಂತೀನಿ. ನನ್ನದು ಹೇಗಿದ್ರೂ ಮುಗೀತು, ನೀವ್ಯಾಕೆ ಇದರಲ್ಲಿ," ಎಂದ.

ಒಳಗಿಂದ ಯಾರೋ ಕರೆದರು, ಹೋದ. ಮೇಷ್ಟ್ರು ಬೆಂಚಿಗೆ ಮರಳಿ ಬಂದು ಕೂತರು, ಬೆಂಚು ಅಲುಗಿತು. ಮೂವತ್ತೈದು ವರ್ಷದಲ್ಲಿ ಯಾರಿಗೂ ಅರ್ಧ ಅಂಕ ಪುಕ್ಕಟೆ ಕೊಟ್ಟವರಲ್ಲ. ಸಹೋದ್ಯೋಗಿಯ ಮಗನನ್ನೇ ಫೇಲು ಮಾಡಿದವರು. ಈಗ ಅವರ ವಿದ್ಯಾರ್ಥಿ ಅವರಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡುತ್ತಿದ್ದ. ಕಿವಿ ಬಿಸಿಯಾಯಿತು. ಆದರೆ ಗಂಟೆ ಹೊಡೆದದ್ದು ನಿಜವಲ್ಲವೇ? ಎಷ್ಟು ಸಲ ಹೇಳಿಕೊಂಡಿದ್ದರೆಂದರೆ ಆ ಗಂಟೆ ಅವರಿಗೆ ಈಗ ಕೇಳಿಸುತ್ತಿತ್ತು, ಅದರ ಒಡಕು ದನಿಯ ಸಮೇತ. ಮಾತ್ರೆ ನೆನಪಾಗಿ ಚೀಲಕ್ಕೆ ಕೈ ಹಾಕಿದರು. ಸಿಕ್ಕಿದ್ದು ಮಾತ್ರೆಯಲ್ಲ. ನೂರು ಪುಟದ ಒಂದು ನೋಟ್‌ಬುಕ್ಕು, ಕಂದು ರಟ್ಟು, ಮೂಲೆಗಳು ಸವೆದಿದ್ದವು. ಮೇಲೆ ಮಗಳ ಕಾಲೇಜು ದಿನಗಳ ಕೈಬರಹದಲ್ಲಿ 'ರಾಜ್ಯಶಾಸ್ತ್ರ'. ಎರಡು ವರ್ಷ ಅವರ ತರಗತಿಯಲ್ಲೇ ಕೂತು, ಕೊನೆಗೆ "ನಂಗೆ ಗಾಯ ಕಟ್ಟೋದೇ ಸುಲಭ ಅಪ್ಪ" ಎಂದು ನರ್ಸಿಂಗಿಗೆ ಹೋಗಿಬಿಟ್ಟವಳು. ಒಂದು ಪುಟದ ಮೂಲೆ ಮಡಿಸಿತ್ತು.

ನೋಟ್ಸ್ ಬರೆಸುವಾಗ ವಿರಾಮಚಿಹ್ನೆಗಳನ್ನು ಬಾಯಿಬಿಟ್ಟು ಹೇಳುವುದು ಅವರ ರೂಢಿ. ಅಲ್ಪವಿರಾಮ ಎಂದರೆ ತುಸು ನಿಲ್ಲುವುದು, ಪೂರ್ಣವಿರಾಮ ಎಂದರೆ ಸೀಮೆಸುಣ್ಣ ಮೇಜಿಗೆ ಕುಟ್ಟುವುದು. ಅದಕ್ಕೇ ಹುಡುಗರು 'ಪೂರ್ಣವಿರಾಮ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಮಗಳು ಕೀಟಲೆಗೆ ಆ ಚಿಹ್ನೆಗಳನ್ನೂ ಅಕ್ಷರದಲ್ಲೇ ಬರೆದುಕೊಂಡಿದ್ದಳು. 'ಮೊದಲು ವ್ಯವಸ್ಥೆ ಅಲ್ಪವಿರಾಮ ಮಿಕ್ಕಿದ್ದು ಆಮೇಲೆ ಪೂರ್ಣವಿರಾಮ.' ಆ ಕೊನೆಯ ಪದದ ಕೆಳಗೆ ಎರಡು ಗೆರೆ, ಪಕ್ಕದಲ್ಲಿ ಎದೆ ಮುಂದೆ ಮಾಡಿ ನಿಂತ ಬೋಳುತಲೆಯ ಮನುಷ್ಯನೊಬ್ಬನ ಪುಟ್ಟ ಚಿತ್ರ. ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಬಹುಶಃ ಪಕ್ಕದ ಗೆಳತಿಗೆ ತೋರಿಸಲು ಬರೆದದ್ದು: 'ಗಂಟೆಗೆ ಇನ್ನೂ ಹತ್ತು ನಿಮಿಷ. ಅಪ್ಪ ಕಿಟಕಿ ಹೊರಗೆ ನೋಡ್ತಾ ನಿಂತಿದಾರೆ. ಬರೆಸೋದು ಮುಗೀತು ಅನ್ಸುತ್ತೆ!'

ಹತ್ತು ನಿಮಿಷ. ಕಿಟಕಿಯ ಹೊರಗೆ ಏನಿತ್ತು? ಸೈಕಲ್ ನಿಲ್ದಾಣ, ಒಂದು ಒಣಗಿದ ನಲ್ಲಿ. ಅವರಿಗೆ ಈಗ ಎಲ್ಲ ನೆನಪಾಯಿತು, ನೆನಪಾಗಬಾರದಿತ್ತು ಎನ್ನುವಷ್ಟು ಸ್ಪಷ್ಟವಾಗಿ. ಒಂದು 'ಆದರೆ' ಅವರ ನಾಲಿಗೆಯ ತುದಿಯಲ್ಲಿತ್ತು. ಎದುರು ಮನೆಯ ಸುಟ್ಟ ಬಾಗಿಲು ಕಣ್ಣ ಮುಂದೆ ಬಂದಿತ್ತು, ಅಳತೆಪಟ್ಟಿ ಹಿಡಿದ ದರ್ಜಿ ಮಾಮನೂ. ಸೈನ್ಯ ಬಂದ ಮೇಲೂ ಅವನನ್ನು ಒಬ್ಬರಾದರೂ ಕರೆದು ಏನಪ್ಪಾ ಎಂದು ಕೇಳಲಿಲ್ಲವಲ್ಲ, ಹಾಗಾದರೆ ಬಂದದ್ದು ಎಂಥ ವ್ಯವಸ್ಥೆ, ಎಂದು ಒಂದು ಯೋಚನೆ ಶುರುವಾಗಿತ್ತು. ಆದರೆ ಹಿಂದೆ ಅರವತ್ತು ಪೆನ್ನುಗಳು ಒಟ್ಟಿಗೆ ನಿಂತ ಸದ್ದು. ವಾಕ್ಯ ಅಷ್ಟು ಚೆನ್ನಾಗಿ ಬಿದ್ದಿತ್ತು. ಅದಕ್ಕೊಂದು 'ಆದರೆ' ಅಂಟಿಸಿ ಅಂದ ಕೆಡಿಸಲು ಅವರಿಗೆ ಮನಸ್ಸಾಗಲಿಲ್ಲ. ಭಯವಲ್ಲ, ಸಿದ್ಧಾಂತವೂ ಅಲ್ಲ, ಜಂಬ. ಬರೀ ಜಂಬ. ಅದಾದ ಮೇಲೆ ಪ್ರತಿ ವರ್ಷವೂ ಅದೇ ಜಾಗದಲ್ಲಿ ಸೀಮೆಸುಣ್ಣ ಕುಟ್ಟಿದರು. ಪಕ್ಕದ ಹೆಂಗಸಿನ ಮಡಿಲಲ್ಲಿದ್ದ ಅಂಗಿಯನ್ನು ಈ ಸಲ ಅವರು ಗಡಿಯಾರದ ಕಡೆ ತಿರುಗದೆ ನೋಡಿದರು. ಬೆನ್ನಿನಲ್ಲಿ, ಎಡಭುಜದ ಕೆಳಗೆ, ಬೆರಳು ತೂರುವಷ್ಟು ತೂತು. ಆ ಏಳು ಜನ ಸತ್ತದ್ದು ಅವರ 'ಆಮೇಲೆ'ಯೊಳಗೆ.

"ಹದಿನೇಳು!" ಜವಾನ ಕೂಗಿದ.

ಒಳಗೆ ಎತ್ತರದ ಮೇಜಿನ ಹಿಂದೆ ನ್ಯಾಯಮೂರ್ತಿಗಳು, ಪಕ್ಕದಲ್ಲಿ ಸರ್ಕಾರಿ ವಕೀಲ, ಕೆಳಗೆ ಹೇಳಿಕೆ ಬರೆದುಕೊಳ್ಳುವ ಟೈಪಿಸ್ಟ್, ಇಪ್ಪತ್ತೈದರ ಹುಡುಗಿ. ಮೊದಲ ಸಾಲಿನ ಕುರ್ಚಿಯಲ್ಲಿ ಮೊದಲ ಬೆಂಚು, ಬೇರೆಲ್ಲಿ ಕೂತಾನು? ಅವರು ಸಾಕ್ಷಿಯ ಕುರ್ಚಿ ಬೇಡವೆಂದು ನಿಂತೇ ಇದ್ದರು. ವಕೀಲ ಮೃದುವಾಗಿ ಶುರುಮಾಡಿದ. ಹಿರಿಯರು, ವಿದ್ವಾಂಸರು ಎಂದ. ಹೊತ್ತಿನ ಮೇಲೆ ಕಣ್ಣಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಅವರನ್ನು ಇಳಿಸಿಕೊಂಡು ಬಂದು ಕೇಳಿದ: "ಈ ವಾಕ್ಯದ ಮುಂದೆ ನೀವು ಇನ್ನೂ ಏನೋ ಹೇಳೋದಿತ್ತು, ಗಂಟೆ ಹೊಡೆದು ನಿಂತುಹೋಯ್ತು ಅಂತ ಕೇಳಿದೀವಿ. ಸರೀನಾ ಸಾರ್?"

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಮೊದಲ ಬೆಂಚು ತಲೆಯೆತ್ತಿ, ಹೇಳಿ ಸಾರ್, ಎನ್ನುವ ಹಾಗೆ ನೋಡಿದ.

"ಸರಿಯಲ್ಲ," ಎಂದರು ಮೇಷ್ಟ್ರು. ನೋಟ್‌ಬುಕ್ಕನ್ನು ಮಡಿಸಿದ ಪುಟಕ್ಕೆ ತೆರೆದು ಮೇಜಿನ ಮೇಲಿಟ್ಟರು. "ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ನಾನು ಹಾಕಿದ್ದು ಪೂರ್ಣವಿರಾಮ. ಆ ವಾಕ್ಯ ನನ್ನದು. ಅವನು ತಪ್ಪಾಗಿ ಬರ್ಕೊಂಡಿಲ್ಲ. ನನ್ನ ತರಗತೀಲಿ ಅವನಷ್ಟು ಸರಿಯಾಗಿ ಬರ್ಕೊಂಡವನು ಇನ್ನೊಬ್ಬನಿಲ್ಲ. ಅವನು ಮಾಡಿದ್ದಕ್ಕೆ ಅವನೇ ಉತ್ತರ ಕೊಡ್ಬೇಕು. ಕಲಿಸಿದ್ದಕ್ಕೆ ನಾನು."

ವಕೀಲ ಕಾಗದ ತಿರುಗಿಸಿ, ಹಾಗಾದರೆ ತಾವು ಕಲಿಸಿದ್ದು ತಪ್ಪು ಎಂದು ಒಪ್ಪಿಕೊಳ್ಳುತ್ತೀರಾ ಎಂದ. ಮೇಷ್ಟ್ರಿಗೆ ರೇಗಿತು. "ಯಾರು ಹೇಳಿದ್ದು ತಪ್ಪು ಅಂತ? ವ್ಯವಸ್ಥೆ ಇಲ್ಲದ ಒಂಬತ್ತು ದಿನ ನಾನು ನೋಡಿದೀನಿ, ನೀವು ನೋಡಿಲ್ಲ. ಮೊದಲು ವ್ಯವಸ್ಥೆನೇ. ಇವತ್ತೂ ಅದನ್ನೇ ಬರೆಸ್ತೀನಿ. ಆದರೆ ಪೂರ್ತಿ ಬರೆಸ್ತೀನಿ." ಟೈಪಿಸ್ಟ್ ಹುಡುಗಿಯ ಕಡೆ ತಿರುಗಿ, ಎದೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿದರು. "ಬರ್ಕೊಳಮ್ಮ. ಮೊದಲು ವ್ಯವಸ್ಥೆ ಅಲ್ಪವಿರಾಮ ಮಿಕ್ಕಿದ್ದು ಆಮೇಲೆ..."

ಊಟದ ಗಂಟೆ ಹೊಡೆಯಿತು. ನ್ಯಾಯಮೂರ್ತಿಗಳು ಕನ್ನಡಕ ತೆಗೆದರು, ಹಿಂದೆ ಕುರ್ಚಿಗಳು ಕಿರ್ರೆಂದವು, ವಕೀಲನ ಮುಖದಲ್ಲಿ ಜೀವ ಬಂತು. ಹುಡುಗಿ ಬೆರಳನ್ನು ಕೀಲಿಯ ಮೇಲಿಟ್ಟು ಕೇಳಿದಳು: "ಪೂರ್ಣವಿರಾಮ ಹಾಕ್ಲಾ ಸಾರ್?"

"ಬೇಡಮ್ಮ. ಅಲ್ಪವಿರಾಮ ಹಾಕು." ದನಿ ಹಳೆಯ ತರಗತಿಯ ದನಿಯಾಗಿತ್ತು, ಕೊನೆಯ ಬೆಂಚಿಗೂ ಮುಟ್ಟುವಂಥದ್ದು. "ಎಲ್ಲ ಕೂತ್ಕೊಳ್ಳಿ. ವಾಕ್ಯ ಮುಗಿದಿಲ್ಲ."

ಕೂತರು. ಹೊರಟಿದ್ದ ಜವಾನನೂ ಬಾಗಿಲಿಗೊರಗಿ ನಿಂತ; ನ್ಯಾಯಮೂರ್ತಿಗಳು ಒಂದು ಕ್ಷಣ ನೋಡಿ, ಕನ್ನಡಕ ಮತ್ತೆ ಹಾಕಿಕೊಂಡರು. ಮೇಷ್ಟ್ರು ನಿಧಾನವಾಗಿ, ಬರೆದುಕೊಳ್ಳುವವರಿಗೆ ಹೊತ್ತು ಕೊಡುತ್ತ ಹೇಳಿದರು: "ಆದರೆ ವ್ಯವಸ್ಥೆ ಮೊದಲು ಬರಬೇಕಾದದ್ದು ಯಾಕೆಂದರೆ ಅಲ್ಪವಿರಾಮ ಅದು ಇದ್ದ ಕಡೆ ಮಾತ್ರ ಗುಂಡು ಹಾರಿಸಿದವನನ್ನು ಕರೆದು ಯಾಕೆ ಹಾರಿಸಿದೆ ಅಲ್ಪವಿರಾಮ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಬಹುದು. ಕೇಳುವವರಿಲ್ಲದ ಕಡೆ ಬಂದೂಕು ಯಾರ ಕೈಯಲ್ಲಿದ್ದರೂ ಅದು ವ್ಯವಸ್ಥೆಯಲ್ಲ ಅಲ್ಪವಿರಾಮ ಹತ್ತನೆಯ ದಿನವಷ್ಟೇ." ಹತ್ತನೆಯ ದಿನ ಎಂದರೇನು ಎಂದು ಯಾರೂ ಕೇಳಲಿಲ್ಲ. ಹೇಳಬೇಕಾಗುತ್ತದೆ, ಎದುರು ಮನೆಯಿಂದ ಶುರುಮಾಡಬೇಕಾಗುತ್ತದೆ ಎಂದುಕೊಂಡು ಅವರು ಹೇಳತೊಡಗಿದರು. ಮೊದಲ ಸಾಲಿನಲ್ಲಿ ಅವರ ವಿದ್ಯಾರ್ಥಿ ಜೇಬಿನಿಂದ ಪೆನ್ನು ತೆಗೆದಿದ್ದ. ಬರೆಯಲು ಅವನ ಬಳಿ ಕಾಗದವಿರಲಿಲ್ಲ, ಸಮನ್ಸಿನ ಹಿಂಬದಿಯಲ್ಲಿ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದ.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಕೋಟು ತೆಗೆದು ಕೈಮೇಲೆ ಹಾಕಿಕೊಳ್ಳಬೇಕೆನಿಸಿತು, ಹಾಕಿಕೊಳ್ಳಲಿಲ್ಲ. ಗೇಟಿನ ಹತ್ತಿರ, ಆಸ್ಪತ್ರೆಯ ಬಟ್ಟೆಯಲ್ಲೇ, ಸ್ಕೂಟರಿನ ಮೇಲೆ ಒಂದು ಕಾಲೂರಿ ಮಗಳು ಕಾಯುತ್ತಿದ್ದಳು. ಹತ್ತಿರ ಹೋಗಿ ನಿಂತರು. ಅವಳು ಕೈಗಡಿಯಾರ ನೋಡಿಕೊಂಡಳು.

"ಗಂಟೆ ಹೊಡೆದು ನಲವತ್ತು ನಿಮಿಷ ಆಯ್ತು, ಅಪ್ಪ."

"ವಾಕ್ಯ ಮುಗಿದಿರ್ಲಿಲ್ಲ," ಎಂದರು.

ಅವಳು ಅವರ ತೋಳಿನ ಸುಕ್ಕನ್ನು ಅಂಗೈಯಿಂದ ಒಮ್ಮೆ ಒತ್ತಿ ಸವರಿದಳು, ಹೋಗಲಿಲ್ಲ. ಹೆಲ್ಮೆಟ್ಟು ಕೈಗೆ ಕೊಟ್ಟು, ಹಿಂದೆ ಹತ್ತಲು ಸ್ಕೂಟರನ್ನು ಸ್ವಲ್ಪ ವಾಲಿಸಿ ಹಿಡಿದಳು.